ಇದು ಏನು ಚಿತ್ರ, ಮೇಷ್ಟ್ರೇ?

ಕಳೆದ ಸಂಚಿಕೆಯಲ್ಲಿ ಅಮೂರ್ತ ಚಿತ್ರಗಳ ಬಗ್ಗೆ, ಅಂದರೆ ಇಂಥದ್ದೇ ವಸ್ತು ಅಂತ ಗುರುತು ಸಿಗದ ಚಿತ್ರಗಳ ಬಗ್ಗೆ, ನಾಲ್ಕು ಸಾಲು ಬರೆದಿದ್ದೆ. ಈ ಸಲ ಅದರ ಮೇಲಿನ ಪತ್ರಗಳೇ ಜಾಸ್ತಿ. ಕೆಲವರಿಗೆ ಸಿಟ್ಟು, ಕೆಲವರಿಗೆ ಕುತೂಹಲ. ಎರಡೂ ನನಗೆ ಇಷ್ಟವೇ. ಹಾಗಾಗಿ ಜಲವರ್ಣದ ಕಾಗದ, ಬ್ರಷ್ಷಿನ ನಂಬರು ಕೇಳಿದವರು ಮುಂದಿನ ತಿಂಗಳವರೆಗೆ ತಡೆದುಕೊಳ್ಳಬೇಕು.

ನಮ್ಮದು ಅಡಿಕೆ ತೋಟ. ಮಗಳು ಬೆಂಗಳೂರಿನಲ್ಲಿ ಚಿತ್ರಕಲೆ ಓದುತ್ತಿದ್ದಾಳೆ. ಹೈಸ್ಕೂಲಿನಲ್ಲಿದ್ದಾಗ ಅಜ್ಜಿಯ ಮುಖವನ್ನು ಹಾಗ್ಹಾಗೇ ಬರೆದಿದ್ದಳು. ಅದಕ್ಕೆ ಕಟ್ಟು ಹಾಕಿಸಿ ಜಗಲಿಯಲ್ಲಿ ತೂಗುಹಾಕಿದ್ದೇವೆ. ಈಗ ವಾಟ್ಸಾಪಿನಲ್ಲಿ ಕಳಿಸುವುದೆಲ್ಲ ಬೂದಿ ಮತ್ತು ಹಸಿರು ಬಣ್ಣದ ಪಟ್ಟೆಗಳು. ನೆಂಟರು ಕೇಳಿದರೆ ಏನು ಹೇಳಬೇಕೋ ತಿಳಿಯುವುದಿಲ್ಲ. ಬರೆಯುವುದೇ ಮರೆತು ಹೋಯಿತಾ ಇವಳಿಗೆ?
– ಒಬ್ಬ ತಂದೆ, ತೀರ್ಥಹಳ್ಳಿ ತಾಲ್ಲೂಕು

ಮರೆತಿಲ್ಲ ಸ್ವಾಮಿ. ಕೈಗೆ ಹತ್ತಿದ ವಿದ್ಯೆ ಅಷ್ಟು ಬೇಗ ಬಿಟ್ಟು ಹೋಗುವುದಿಲ್ಲ. ಚಿತ್ರದಿಂದ ಏನೇನನ್ನು ತೆಗೆದರೂ ಅದು ನಿಲ್ಲುತ್ತದೆ ಅಂತ ಅವಳು ಈಗ ನೋಡುತ್ತಿರಬೇಕು.

ನಿಮಗೆ ಒಂದು ಮರದ ಕಥೆ ಹೇಳುತ್ತೇನೆ. ಪೀಟ್ ಮೊಂಡ್ರಿಯಾನ್ ಹಾಲೆಂಡಿನವನು, 1872ರಲ್ಲಿ ಹುಟ್ಟಿದವನು. ಕಪ್ಪು ಗೆರೆಗಳ ನಡುವೆ ಕೆಂಪು, ಹಳದಿ, ನೀಲಿ ಚೌಕಗಳನ್ನು ಬರೆದು ಹೆಸರಾದವನು. ಆ ಚೌಕಗಳು ಈಗ ಬ್ಯಾಗಿನ ಮೇಲೆ, ಬಟ್ಟೆಯ ಮೇಲೆಲ್ಲ ಬರುತ್ತವೆ. ಆದರೆ ಮೂವತ್ತೈದು ದಾಟುವ ತನಕ ಅವನು ಬರೆದದ್ದು ಗಾಳಿಗಿರಣಿ, ಹೊಳೆದಂಡೆ, ತೋಟದ ಮನೆ. ನೋಡಿದ ಕೂಡಲೇ ಗುರುತು ಸಿಗುವಂಥವು. 1908ರ ಹೊತ್ತಿಗೆ ಒಂದು ಮರವನ್ನು ಹಿಡಿದ. ಕೆಂಪು ಮರ, ಹಿಂದೆ ನೀಲಿ. ಬಣ್ಣ ವಿಚಿತ್ರ ಅನ್ನಿಸಿದರೂ ಅದು ಮರವೇ. 1911ರಲ್ಲಿ ಬೂದು ಬಣ್ಣದ ಇನ್ನೊಂದು ಮರ. ಕೊಂಬೆಗಳು ಬಾಗಿ ಅಂಚಿನ ತನಕ ಹರಡಿವೆ. ಕೊಂಬೆ ಯಾವುದು, ಕೊಂಬೆಗಳ ನಡುವಿನ ಆಕಾಶ ಯಾವುದು ಅಂತ ಕಣ್ಣು ತಡವರಿಸುತ್ತದೆ. 1912ರಲ್ಲಿ ಹೂಬಿಟ್ಟ ಸೇಬಿನ ಮರ. ಹೆಸರು ಓದದಿದ್ದರೆ ಮರ ಅಂತ ಹೇಳುವುದೇ ಕಷ್ಟ. ಉಳಿದಿರುವುದು ಬಾಗಿದ ಗೆರೆಗಳು ಮಾತ್ರ. ಆದರೂ ನಡುವೆ ದಟ್ಟವಾಗಿ, ಅಂಚಿಗೆ ಹೋದಂತೆ ತೆಳುವಾಗಿ, ಮರ ನಿಲ್ಲುವ ರೀತಿ ಹಾಗೇ ಇದೆ. ಆಮೇಲೆ ಸಮುದ್ರ. 1915ರ ಒಂದು ಚಿತ್ರದಲ್ಲಿ ಕಡಲು, ಅಲೆ, ಕಟ್ಟೆ ಎಲ್ಲ ಹೋಗಿ ಸಣ್ಣ ಸಣ್ಣ ಅಡ್ಡ ಗೆರೆ, ಉದ್ದ ಗೆರೆ ಉಳಿದಿವೆ. ಚೌಕಗಳು ಬಂದದ್ದು ಇಷ್ಟೆಲ್ಲ ಆದ ಮೇಲೆ.

ಇವನ್ನು ಸಾಲಾಗಿ ಇಟ್ಟು ನೋಡಿದವರು ‘ಇದೇನು ತಮಾಷೆ’ ಅಂತ ಕೇಳಿದ್ದನ್ನು ನಾನು ಕಂಡಿಲ್ಲ. ಹಳೆ ಕ್ಯಾಲೆಂಡರಿನ ಹಿಂಬದಿಗೆ ಪ್ರಿಂಟುಗಳನ್ನು ಅಂಟಿಸಿ ಕ್ಲಾಸಿನಲ್ಲಿ ತೋರಿಸುತ್ತಿದ್ದೆ. ಎಂಟನೇ ಕ್ಲಾಸಿನ ಮಕ್ಕಳು ತಾವೇ ಬೆರಳಿಟ್ಟು ‘ಇಲ್ಲಿ ಎಲೆ ಬಿಟ್ಟ, ಇಲ್ಲಿ ಕಾಂಡ ಬಿಟ್ಟ’ ಅನ್ನುತ್ತಿದ್ದರು. ಕೊನೆಯ ಚಿತ್ರವೊಂದನ್ನೇ ತೋರಿಸಿದರೆ ಮಾತ್ರ ಯಾರಿಗಾದರೂ ಮೋಸ ಹೋದ ಹಾಗೆ ಆಗುತ್ತದೆ. ನಿಮ್ಮ ಫೋನಿಗೆ ಬರುತ್ತಿರುವುದೂ ಕೊನೆಯದೇ. ನಡುವಿನ ದಾರಿ ನಿಮಗೆ ಕಂಡಿಲ್ಲ.

ಇನ್ನೊಂದು ಮಾತು. ಬೂದಿ ಮತ್ತು ಹಸಿರು ಪಟ್ಟೆ ಅಂದಿರಿ. ಮಳೆಗಾಲದಲ್ಲಿ ನಿಮ್ಮ ಜಗಲಿಯಿಂದ ತೋಟ ಹೇಗೆ ಕಾಣುತ್ತದೆ? ನೆಟ್ಟಗೆ ನಿಂತ ಬೂದಿ ಬಣ್ಣದ ಕಾಂಡಗಳು, ನಡುವೆ ಹಸಿರು, ಎಲ್ಲದರ ಮೇಲೆ ಮಳೆಯ ಪರದೆ. ಆ ಹುಡುಗಿ ಹುಟ್ಟಿದಾಗಿನಿಂದ ಅದನ್ನೇ ನೋಡಿ ಬೆಳೆದವಳು ಅಲ್ವಾ? ನನ್ನ ಊಹೆ ತಪ್ಪಿರಬಹುದು, ಅವಳನ್ನೇ ಕೇಳಿ. ಆದರೆ ‘ಇದು ಏನು’ ಅಂತ ಕೇಳಬೇಡಿ, ‘ಯಾವುದರಿಂದ ಶುರು ಮಾಡಿದೆ’ ಅಂತ ಕೇಳಿ. ದೀಪಾವಳಿಗೆ ಬರುವಾಗ ಸ್ಕೆಚ್ ಪುಸ್ತಕ ತರಲು ಹೇಳಿ. ಅದರಲ್ಲಿ ದಾರಿ ಇದ್ದರೆ ಪಟ್ಟೆಗಳಿಗೆ ಅರ್ಥ ಇದೆ. ಪುಸ್ತಕ ಖಾಲಿ ಇದ್ದರೆ, ಯಾರದ್ದೋ ಚಿತ್ರ ನೋಡಿ ಸುಮ್ನೆ ಪಟ್ಟೆ ಎಳೆದಿದ್ದರೆ, ಅದನ್ನೂ ಪ್ರೀತಿಯಿಂದಲೇ ಹೇಳಿ. ಅಪ್ಪನಿಗೆ ಆ ಹಕ್ಕು ಇದೆ.

ಪಟ್ಟೆಯ ಚಿತ್ರಕ್ಕೂ ಕಟ್ಟು ಹಾಕಿಸಿ ಅಜ್ಜಿಯ ಪಕ್ಕದಲ್ಲೇ ಹಾಕಿ. ನೆಂಟರಿಗೆ ‘ಎರಡೂ ಮಗಳು ಬರೆದದ್ದು’ ಅಂದರೆ ಸಾಕು.

ತಾತನ ಕಾಲದಿಂದ ನಮ್ಮದು ಫೋಟೋ ಸ್ಟುಡಿಯೋ. ತಾತ ನೆಗೆಟಿವ್ ಮೇಲೆ ಪೆನ್ಸಿಲಿನಲ್ಲಿ ಟಚಪ್ ಮಾಡುತ್ತಿದ್ದರು, ಕಪ್ಪು ಬಿಳುಪು ಫೋಟೋಗೆ ಕೈಯಲ್ಲೇ ಬಣ್ಣ ಹಾಕುತ್ತಿದ್ದರು. ಕ್ಯಾಮೆರಾ ಬಂದದ್ದರಿಂದಲೇ ಚಿತ್ರಕಾರರು ಅರ್ಥವಾಗದ ಚಿತ್ರ ಬರೆಯಲು ಶುರು ಮಾಡಿದರು ಅಂತ ಓದಿದೆ. ನಿಜವೇ?
– ಸ್ಟುಡಿಯೋ ಮಾಲೀಕರು, ಶಿವಮೊಗ್ಗ

ಅರ್ಧ ನಿಜ. ಪ್ಯಾರಿಸಿನಲ್ಲಿ ಡಾಗೆರ್‌ನ ಫೋಟೋ ವಿಧಾನ ಜಗತ್ತಿಗೆ ಗೊತ್ತಾದದ್ದು 1839ರಲ್ಲಿ. ಅಂಗೈ ಅಗಲದ ಮುಖಚಿತ್ರ ಬರೆದು ಬದುಕುತ್ತಿದ್ದವರ ಹೊಟ್ಟೆಗೆ ಅದು ಹೊಡೆಯಿತು. ಮುಖ ಹೇಗಿದೆಯೋ ಹಾಗೇ ಉಳಿಸಿಕೊಡುವ ಕೆಲಸ ಕ್ಯಾಮೆರಾ ಪಾಲಾಯಿತು. ಆದರೆ ಲೆಕ್ಕ ಹಾಕಿ. ಅಮೂರ್ತ ಚಿತ್ರಗಳು ಬಂದದ್ದು ಅದಾಗಿ ಸುಮಾರು ಎಪ್ಪತ್ತು ವರ್ಷಕ್ಕೆ. ಕ್ಯಾಮೆರಾ ಒಂದೇ ಕಾರಣವಾಗಿದ್ದರೆ ಅಷ್ಟು ತಡ ಯಾಕೆ?

ನಡುವೆ ಬಹಳ ನಡೆಯಿತು. ತಗಡಿನ ಟ್ಯೂಬಿನಲ್ಲಿ ಬಣ್ಣ ಬಂತು, ಅದರ ಪೇಟೆಂಟ್ 1841ರದ್ದು. ಚಿತ್ರಕಾರರು ಬಣ್ಣವನ್ನು ಜೇಬಿಗೆ ಹಾಕಿಕೊಂಡು ಗದ್ದೆ ಬದಿಗೆ ಹೋಗಿ ಕೂರುವುದು ಸುಲಭವಾಯಿತು. ಬಿಸಿಲು ಗಳಿಗೆ ಗಳಿಗೆಗೂ ಬದಲಾಗುವುದನ್ನು ಬೆನ್ನಟ್ಟಿದರು. 1890ರ ಸುಮಾರಿಗೆ ಫ್ರಾನ್ಸಿನ ಚಿತ್ರಕಾರ ಕ್ಲೋಡ್ ಮೊನೆ ಒಂದೇ ಥರದ ಹುಲ್ಲಿನ ಬಣವೆಗಳನ್ನು ಬೆಳಿಗ್ಗೆ, ಸಂಜೆ, ಹಿಮದಲ್ಲಿ, ಬಿಸಿಲಿನಲ್ಲಿ ಮತ್ತೆ ಮತ್ತೆ ಬರೆದ. 1896ರಲ್ಲಿ ಅವುಗಳಲ್ಲಿ ಒಂದು ಮಾಸ್ಕೋದ ಪ್ರದರ್ಶನಕ್ಕೆ ಹೋಯಿತು. ಅಲ್ಲಿ ಕಾನೂನು ಓದಿದ್ದ, ಮುಂದೆ ಅಮೂರ್ತ ಚಿತ್ರಗಳಿಗೆ ಹೆಸರಾದ ವಾಸಿಲಿ ಕ್ಯಾಂಡಿನ್ಸ್ಕಿ ಅದರ ಮುಂದೆ ನಿಂತ. ಬಣವೆ ಅಂತ ಗೊತ್ತಾಗಲಿಲ್ಲ, ಕ್ಯಾಟಲಾಗ್ ನೋಡಿ ತಿಳಿದುಕೊಂಡ. ಗುರುತೇ ಸಿಗದ ಚಿತ್ರ ತನ್ನನ್ನು ಇಷ್ಟು ಹಿಡಿದು ನಿಲ್ಲಿಸಿತಲ್ಲ ಅನ್ನುವುದು ಅವನ ತಲೆಯಿಂದ ಹೋಗಲೇ ಇಲ್ಲ. ಅದೇ ವರ್ಷ, ಮೂವತ್ತರ ವಯಸ್ಸಿನಲ್ಲಿ, ಕಾನೂನು ಕಲಿಸುವ ಕೆಲಸ ಬೇಡವೆಂದು ಚಿತ್ರ ಕಲಿಯಲು ಮ್ಯೂನಿಕ್‌ಗೆ ಹೋದ.

ಸಂಗೀತದ ಪಾಲೂ ದೊಡ್ಡದು. 1911ರ ಜನವರಿಯಲ್ಲಿ ಕ್ಯಾಂಡಿನ್ಸ್ಕಿ ಮ್ಯೂನಿಕ್‌ನಲ್ಲಿ ಶೋನ್‌ಬರ್ಗ್ ಅನ್ನುವ ಸಂಗೀತ ರಚನಕಾರನ ಸಂಗೀತ ಕಛೇರಿ ಕೇಳಿದ. ಕೇಳಿದ ಮೇಲೆ ಬರೆದ ಚಿತ್ರದಲ್ಲಿ ಕಪ್ಪು ಪಿಯಾನೋದ ನೆರಳು ಇನ್ನೂ ಇದೆ, ಉಳಿದದ್ದೆಲ್ಲ ಹಳದಿಯ ಪ್ರವಾಹ. ನಾವು ತೋಡಿ ರಾಗದ ಆಲಾಪನೆ ಕೇಳುವಾಗ ‘ಇದು ಯಾವ ವಸ್ತುವಿನ ಹಾಗಿದೆ’ ಅಂತ ಕೇಳುವುದಿಲ್ಲ. ಬಣ್ಣಕ್ಕೂ ಆ ಸ್ವಾತಂತ್ರ್ಯ ಬೇಕು ಅನ್ನುವುದು ಅವನ ವಾದ. ಆ ವರ್ಷದ ಕೊನೆಗೆ ಅದನ್ನೇ ಪುಸ್ತಕವಾಗಿ ಹೊರತಂದ.

ವಿಜ್ಞಾನವನ್ನೂ ಮರೆಯಬಾರದು. 1895ರಲ್ಲಿ ಎಕ್ಸ್-ರೇ ಬಂತು. ಆಮೇಲೆ ಅಣುವೇ ಒಡೆಯುವಂಥದ್ದು ಅಂತ ತಿಳಿಯಿತು. ಆ ಸುದ್ದಿ ಕೇಳಿ ಇಡೀ ಜಗತ್ತೇ ಕುಸಿದ ಹಾಗಾಯಿತು ಅಂತ ಕ್ಯಾಂಡಿನ್ಸ್ಕಿ ಬರೆದುಕೊಂಡಿದ್ದಾನೆ. ಕಣ್ಣಿಗೆ ಕಾಣುವುದೇ ಕೊನೆಯ ಸತ್ಯ ಅನ್ನುವ ನಂಬಿಕೆ ಸಡಿಲವಾದ ಕಾಲ ಅದು. ಕಣ್ಣಿಗೆ ಕಾಣದ ಸತ್ಯವನ್ನು ಹುಡುಕುವ ಥಿಯಾಸಫಿ ಅನ್ನುವ ಪಂಥ ಈ ಚಿತ್ರಕಾರರಲ್ಲಿ ಹಲವರನ್ನು ಸೆಳೆದದ್ದೂ ಇದಕ್ಕೇ. ಮೊಂಡ್ರಿಯಾನ್ 1909ರಲ್ಲಿ ಥಿಯಾಸಫಿಕಲ್ ಸೊಸೈಟಿಗೆ ಸೇರಿದ. ಅದರ ಮುಖ್ಯ ಕೇಂದ್ರ ಇರುವುದು ನಮ್ಮ ಮದರಾಸಿನ ಅಡಯಾರಿನಲ್ಲಿ.

ತಾತ ಟಚಪ್ ಮಾಡಿದ ನೆಗೆಟಿವ್‌ಗಳನ್ನು ದಯವಿಟ್ಟು ಬಿಸಾಡಬೇಡಿ. ಮಳೆಗಾಲದಲ್ಲಿ ಬೂಸ್ಟು ಹಿಡಿಯದ ಹಾಗೆ ನೋಡಿಕೊಳ್ಳಿ.

ನಾನು ಅತ್ತೆಯಿಂದ ಚಿತ್ತಾರ ಕಲಿತವಳು. ಮದುವೆ ಮನೆಗೆ ಹಸೆ ಬರೆಯುತ್ತೇನೆ, ಈಗ ಕಾಗದದ ಮೇಲೂ ಬರೆದು ಮಾರುತ್ತೇನೆ. ಮೊನ್ನೆ ಪೇಟೆಯಿಂದ ಬಂದವರು ಒಂದು ಹಾಳೆ ತಗೊಂಡು ‘ಇದು ಪಕ್ಕಾ ಮಾಡರ್ನ್ ಆರ್ಟ್, ಅಬ್‌ಸ್ಟ್ರಾಕ್ಟ್’ ಅಂದರು. ಹೊಗಳಿದ್ದೋ ಏನೋ ಗೊತ್ತಾಗಲಿಲ್ಲ. ನಾವು ಬರೆಯುವುದೂ ಅದೇನಾ?
– ಗೃಹಿಣಿ, ಸಾಗರ ತಾಲ್ಲೂಕು

ಹೊಗಳಿದ್ದೇ ತಂಗಿ. ಆದರೆ ನಿಮ್ಮದು ಅದಲ್ಲ.

ದೀವರ ಚಿತ್ತಾರ ಗೊತ್ತಿಲ್ಲದ ಓದುಗರಿಗಾಗಿ ಎರಡು ಮಾತು. ಸಾಗರ, ಸೊರಬದ ಕಡೆ ಹೆಂಗಸರು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಗೆ ಕಾಯಿಯ ಹಳದಿಯಲ್ಲಿ ಬರೆಯುತ್ತಾರೆ. ಕುಂಚ ಪುಂಡಿ ನಾರಿನದ್ದು. ಎಲ್ಲವೂ ಗೆರೆ, ಚೌಕ, ತ್ರಿಕೋನ. ಮದುವೆಯಲ್ಲಿ ಹಸೆ ಗೋಡೆ. ಭೂಮಿ ಹುಣ್ಣಿಮೆಗೆ ಬುಟ್ಟಿಯ ಮೇಲೆ. ಬಸಿರಾದ ಭತ್ತದ ಗದ್ದೆಗೆ ಬಯಕೆ ಊಟವನ್ನು ಆ ಬುಟ್ಟಿಯಲ್ಲೇ ಒಯ್ಯುವುದು.

ಮೇಲೆ ಹೇಳಿದ ಮೊಂಡ್ರಿಯಾನ್ ಮರದಿಂದ ಹೊರಟು ಮರವನ್ನೇ ಬಿಟ್ಟ. ನಿಮ್ಮ ಗೆರೆ ಯಾವುದನ್ನೂ ಬಿಟ್ಟಿಲ್ಲ. ಮದುಮಕ್ಕಳು ಇದ್ದಾರೆ, ತೇರು ಇದೆ, ಹಕ್ಕಿ ಇದೆ, ತೆನೆ ಇದೆ. ಊರಿನ ಹೆಂಗಸರಿಗೆಲ್ಲ ಅದನ್ನು ಓದಲು ಬರುತ್ತದೆ. ಅವನಿಗೆ ಆ ಭಾಗ್ಯ ಇರಲಿಲ್ಲ. ಅವನ ಗೆರೆಗಳನ್ನು ಓದಬಲ್ಲ ಊರು ಇರಲಿಲ್ಲ. ಒಬ್ಬನೇ ಕೂತು ಭಾಷೆಯನ್ನೂ ಕಟ್ಟಬೇಕು, ಓದುವವರನ್ನೂ ಹುಟ್ಟಿಸಬೇಕು. ಹೊಟ್ಟೆಪಾಡಿಗೆ ಹೂವಿನ ಚಿತ್ರ ಬರೆದು ಮಾರಿದ್ದೂ ಉಂಟು.

ಆದರೆ ಸಂಬಂಧವೇ ಇಲ್ಲ ಅನ್ನಬೇಡಿ. ಆ ಸಂಬಂಧ ಪೇಟೆಯವರು ಹೇಳಿದ್ದಕ್ಕಿಂತ ದೊಡ್ಡದು. ಕ್ಯಾಂಡಿನ್ಸ್ಕಿ ಇನ್ನೂ ವಿದ್ಯಾರ್ಥಿಯಾಗಿದ್ದಾಗ, 1889ರಲ್ಲಿ, ರೈತರ ನಡವಳಿಕೆ ತಿಳಿಯಲು ರಷ್ಯಾದ ವೊಲೊಗ್ಡಾ ಪ್ರಾಂತ್ಯದ ಹಳ್ಳಿಗಳಿಗೆ ಹೋಗಿದ್ದ. ಅಲ್ಲಿನ ಮರದ ಮನೆಗಳ ಒಳಗೆ ಪೆಟ್ಟಿಗೆ, ಬೆಂಚು, ಒಲೆ ಎಲ್ಲದರ ಮೇಲೂ ಬಣ್ಣದ ಚಿತ್ತಾರ. ಬಾಗಿಲು ದಾಟಿದ ಕೂಡಲೇ ಚಿತ್ರದ ಒಳಗೇ ಕಾಲಿಟ್ಟ ಹಾಗಾಯಿತು ಅಂತ ಅವನು ನೆನಪಿಸಿಕೊಳ್ಳುತ್ತಾನೆ. ನೋಡುವವರು ಚಿತ್ರದ ಒಳಗೆ ಓಡಾಡಬೇಕು ಅನ್ನುವ ಆಸೆ ಅವನಿಗೆ ಹುಟ್ಟಿದ್ದು ಅಲ್ಲಿ. ಪಿಕಾಸೊಗೆ 1907ರಲ್ಲಿ ದಾರಿ ತೋರಿಸಿದ್ದು ಪ್ಯಾರಿಸಿನ ಮ್ಯೂಸಿಯಮ್ಮಿನಲ್ಲಿದ್ದ ಆಫ್ರಿಕಾದ ಮುಖವಾಡಗಳು. ಹಳ್ಳಿಯ ಕೈಗಳು ಕಲಿಸಿದವು, ನಗರದವರು ಕಲಿತರು. ಮುಖವಾಡ ಕೆತ್ತಿದವರ ಹೆಸರು ಎಲ್ಲೂ ಬರಲಿಲ್ಲ. ಪೆಟ್ಟಿಗೆ, ಬೆಂಚಿಗೆ ಬಣ್ಣ ಹಾಕಿದವರ ಹೆಸರೂ ಬರಲಿಲ್ಲ. ಇದು ನನ್ನನ್ನು ಇವತ್ತಿಗೂ ಕಾಡುತ್ತದೆ.

ಅದಕ್ಕೇ ಹೇಳುತ್ತೇನೆ. ಗೋಡೆಯ ಮೇಲೆ ಹೆಸರು ಬೇಡ, ಅದು ಮದುವೆ ಮನೆಯ ಗೋಡೆ. ಮಾರುವ ಹಾಳೆಯ ಮೇಲೆ ಮಾತ್ರ ಹೆಸರು, ಊರು, ವರ್ಷ ಬರೆಯಿರಿ. ಹಿಂದುಗಡೆ ಯಾವ ಚಿತ್ತಾರ, ಯಾರಿಂದ ಕಲಿತದ್ದು ಅಂತಲೂ ಬರೆಯಿರಿ. ಬೆಲೆ ಹೇಳುವಾಗ ನಾಚಬೇಡಿ. ಅಂಗಡಿಯ ಬ್ರಷ್ ಸುಲಭ ಅಂತ ಪುಂಡಿ ನಾರು ಬಿಡಬೇಡಿ. ಆ ನಾರಿನ ಗೆರೆಯ ಸಣ್ಣ ನಡುಕ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ಸರ್, ಮೊದಲ ಅಮೂರ್ತ ಚಿತ್ರ ಬರೆದವರು ಯಾರು? ಒಂದು ಪುಸ್ತಕದಲ್ಲಿ ಕ್ಯಾಂಡಿನ್ಸ್ಕಿ, 1910 ಅಂತ ಇದೆ. ಇಂಟರ್ನೆಟ್ಟಿನಲ್ಲಿ ಬೇರೆ ಹೆಸರು ಬರುತ್ತದೆ. ಪರೀಕ್ಷೆಯಲ್ಲಿ ಯಾವುದು ಬರೆಯಲಿ?
– ವಿದ್ಯಾರ್ಥಿನಿ, ಶಿವಮೊಗ್ಗ

ಪರೀಕ್ಷೆಯಲ್ಲಿ ನಿನ್ನ ಪುಸ್ತಕದಲ್ಲಿ ಇರುವುದನ್ನೇ ಬರಿ ಮಗು. ಅಂಕ ಕಳೆದುಕೊಳ್ಳಬೇಡ. ಆದರೆ ತಿಳಿದುಕೊಂಡಿರು. ಕ್ಯಾಂಡಿನ್ಸ್ಕಿಯ ಆ ಜಲವರ್ಣದ ಮೇಲೆ 1910 ಅಂತ ಇದ್ದರೂ ಅದು 1913ರ ಸುಮಾರಿನದ್ದು ಅಂತ ಬಹಳ ವಿದ್ವಾಂಸರು ಹೇಳುತ್ತಾರೆ. ಸ್ವೀಡನ್ನಿನ ಹಿಲ್ಮಾ ಆಫ್ ಕ್ಲಿಂಟ್ 1906ರಲ್ಲೇ ಇಂಥ ಚಿತ್ರಗಳನ್ನು ಶುರು ಮಾಡಿದ್ದಳು. 1907ರಲ್ಲಿ ಆಕೆ ಬರೆದ ಹತ್ತು ಚಿತ್ರಗಳು ಮನುಷ್ಯನಿಗಿಂತ ಎತ್ತರ, ಮೂರು ಮೀಟರಿಗೂ ಮಿಕ್ಕಿದವು. ಸುರುಳಿ, ವೃತ್ತ, ದಳ, ಅಕ್ಷರ. ತನ್ನ ಕಾಲದವರಿಗೆ ಇದು ಅರ್ಥವಾಗುವುದಿಲ್ಲ, ತಾನು ಸತ್ತು ಇಪ್ಪತ್ತು ವರ್ಷವಾಗುವ ತನಕ ತೋರಿಸಬಾರದು ಅಂತ ಬರೆದಿಟ್ಟಳು. ತೀರಿಕೊಂಡದ್ದು 1944ರಲ್ಲಿ. ದೊಡ್ಡ ಪ್ರದರ್ಶನದಲ್ಲಿ ಜನ ನೋಡಿದ್ದು 1986ರಲ್ಲಿ, ಲಾಸ್ ಏಂಜಲೀಸಿನಲ್ಲಿ. ನಿನ್ನ ವಯಸ್ಸಿನ ಹುಡುಗಿಯರು ಈ ಹೆಸರನ್ನು ಬಾಯಿಪಾಠ ಮಾಡಲೇಬೇಕು ಅಂತ ನನ್ನ ಆಸೆ.

ಬೇರೆ ಬೇರೆ ಊರುಗಳಲ್ಲಿ ಹಲವರು ಕೆಲವೇ ವರ್ಷಗಳ ಅಂತರದಲ್ಲಿ ಅಲ್ಲಿಗೆ ಬಂದರು. 1912ರಲ್ಲಿ ಪ್ಯಾರಿಸಿನಲ್ಲಿ ಕುಪ್ಕಾ, 1915ರಲ್ಲಿ ರಷ್ಯಾದಲ್ಲಿ ಮಾಲೆವಿಚ್. ಹಾಗಾಗಿ ‘ಮೊದಲು ಯಾರು’ ಅನ್ನುವುದಕ್ಕಿಂತ ‘ಎಲ್ಲರೂ ಯಾಕೆ ಆಗಲೇ’ ಅನ್ನುವುದು ಹೆಚ್ಚು ಒಳ್ಳೆಯ ಪ್ರಶ್ನೆ.

ನಮ್ಮವರನ್ನೂ ಓದು. 1922ರ ಡಿಸೆಂಬರಿನಲ್ಲೇ ಕ್ಯಾಂಡಿನ್ಸ್ಕಿ, ಪಾಲ್ ಕ್ಲೀ ಅವರ ಕೃತಿಗಳು ಕಲ್ಕತ್ತಕ್ಕೆ ಬಂದಿದ್ದವು. ಅದೇ ವರ್ಷ ಮಧ್ಯಪ್ರದೇಶದ ಕಾಡಿನ ಸೀಮೆಯಲ್ಲಿ, ಅರಣ್ಯ ಇಲಾಖೆಯವರೊಬ್ಬರ ಮಗನಾಗಿ ಎಸ್.ಎಚ್. ರಝಾ ಹುಟ್ಟಿದರು. ಬಾಲಕನ ಮನಸ್ಸು ಒಂದು ಕಡೆ ನಿಲ್ಲುತ್ತಿರಲಿಲ್ಲ. ಶಾಲೆಯ ಮೇಷ್ಟ್ರು ಗೋಡೆಯ ಮೇಲೆ ಒಂದು ಚುಕ್ಕೆ ಇಟ್ಟು ಅದನ್ನೇ ನೋಡು ಅಂದರು. ರಝಾ 1950ರಲ್ಲಿ ಪ್ಯಾರಿಸಿಗೆ ಹೋದರು, ದಶಕಗಳ ಕಾಲ ಏನೇನೋ ಬರೆದರು. ಕೊನೆಗೆ ಅವರ ಕ್ಯಾನ್ವಾಸಿನ ನಡುವೆ ಬಂದು ಕೂತದ್ದು ಆ ಚುಕ್ಕೆಯೇ, ದೊಡ್ಡ ಕಪ್ಪು ಬಿಂದುವಾಗಿ. ಹಳ್ಳಿಶಾಲೆಯ ಮೇಷ್ಟ್ರುಗಳಿಗೆಲ್ಲ ನಾನು ಈ ಕಥೆ ಹೇಳುತ್ತಿರುತ್ತೇನೆ.

ಬಿಳಿ ಬಟ್ಟೆಯ ಮೇಲೆ ಕಪ್ಪು ಚೌಕ. ಅದಕ್ಕೆ ಲೋಕಪ್ರಸಿದ್ಧಿ! ಗೆರೆಯಿಲ್ಲ, ಮುಖವಿಲ್ಲ, ಕೋಟಿ ಕೋಟಿ ಬೆಲೆ. ಇಡೀ ಆಯುಷ್ಯ ಕಾರ್ಖಾನೆಯಲ್ಲಿ ಬೆವರು ಸುರಿಸಿದ ನಮ್ಮಂಥವರಿಗೆ ಇದು ಅವಮಾನ ಅನ್ನಿಸುತ್ತದೆ. ಯಾರು ಬೇಕಾದರೂ ಮಾಡಬಹುದಲ್ಲ?
– ನಿವೃತ್ತ ಕಾರ್ಮಿಕರು, ಭದ್ರಾವತಿ

ನಿಮ್ಮ ಸಿಟ್ಟಿನಲ್ಲಿ ನ್ಯಾಯ ಇದೆ. ಬೆಲೆಯ ವಿಷಯ ಮೊದಲು ಮುಗಿಸುತ್ತೇನೆ. ವಿ.ಎಸ್. ಗಾಯತೊಂಡೆ ನಮ್ಮ ದೇಶದ ದೊಡ್ಡ ಅಮೂರ್ತ ಚಿತ್ರಕಾರರು. 2013ರಲ್ಲಿ ಮುಂಬೈ ಹರಾಜಿನಲ್ಲಿ ಅವರ ಒಂದು ಚಿತ್ರಕ್ಕೆ 23.7 ಕೋಟಿ ರೂಪಾಯಿ ಬಂತು. ಅವರು ತೀರಿಕೊಂಡದ್ದು 2001ರಲ್ಲಿ. ದೆಹಲಿಯಲ್ಲಿ ಸಣ್ಣ ಮನೆಯಲ್ಲಿ, ಯಾರ ಗೊಡವೆಯೂ ಇಲ್ಲದೆ, ರೋಲರಿನಿಂದ ಬಣ್ಣ ಹಚ್ಚುತ್ತ ಕೆರೆಯುತ್ತ ವರ್ಷಕ್ಕೆ ಬೆರಳೆಣಿಕೆಯಷ್ಟು ಚಿತ್ರ ಮಾಡಿದವರು. ಕೋಟಿಗಳು ಕೈ ಬದಲಾಯಿಸಿದ್ದು ಕೊಂಡವರ ಮತ್ತು ಮಾರಿದವರ ನಡುವೆ. ಆ ಸಂತೆಯ ಬಗ್ಗೆ ನನಗೂ ಗೌರವವಿಲ್ಲ. ಚಿತ್ರದ ಮೇಲೆ ಅದರ ಪಾಪ ಹೊರಿಸಬೇಡಿ.

ಇನ್ನು ಆ ಕಪ್ಪು ಚೌಕ. ಮಾಲೆವಿಚ್ ಅದನ್ನು 1915ರ ಡಿಸೆಂಬರಿನಲ್ಲಿ ಪೆಟ್ರೊಗ್ರಾಡಿನಲ್ಲಿ, ಅಂದರೆ ಈಗಿನ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ, ತೋರಿಸಿದ. ಒಂದೊಂದು ಬದಿ 79.5 ಸೆಂಟಿಮೀಟರ್. ತೂಗುಹಾಕಿದ ಜಾಗ ನೋಡಿ: ಕೋಣೆಯ ಮೂಲೆ, ಮೇಲುಗಡೆ. ರಷ್ಯದ ಮನೆಗಳಲ್ಲಿ ದೇವರ ಪಟ ಇಡುವ ಜಾಗ ಅದು. ಹೊರಗೆ ಮಹಾಯುದ್ಧ ನಡೆಯುತ್ತಿತ್ತು. ಅದಕ್ಕೂ ಮುಂಚೆ ಅವನು ಬರೆಯುತ್ತಿದ್ದದ್ದು ರೈ ಅನ್ನುವ ಧಾನ್ಯದ ಕೊಯ್ಲು ಮಾಡುವ ರೈತರನ್ನು. 2015ರಲ್ಲಿ ಮಾಸ್ಕೋದ ಮ್ಯೂಸಿಯಂ ಎಕ್ಸ್-ರೇ ಮಾಡಿಸಿದಾಗ ಕಪ್ಪಿನ ಅಡಿಯಲ್ಲಿ ಬಣ್ಣ ಬಣ್ಣದ ಬೇರೆ ಚಿತ್ರಗಳು ಸಿಕ್ಕವು. ಅವನ್ನು ಮುಚ್ಚಿ ಅಲ್ಲಿಗೆ ಬಂದಿದ್ದ. ಮುಂದೆ ಸೋವಿಯತ್ ಸರ್ಕಾರಕ್ಕೆ ಇಂಥ ಚಿತ್ರ ಬೇಡವಾಯಿತು. 1930ರಲ್ಲಿ ಅವನನ್ನು ಬಂಧಿಸಿ ವಿಚಾರಣೆ ಮಾಡಿದರು. ಕೊನೆಗಾಲದಲ್ಲಿ ಮತ್ತೆ ಮುಖಗಳನ್ನು ಬರೆದ, ಸಹಿಯ ಜಾಗದಲ್ಲಿ ಸಣ್ಣ ಕಪ್ಪು ಚೌಕ ಇಡುತ್ತಿದ್ದ. 1935ರಲ್ಲಿ ಸತ್ತಾಗ ಶವದ ತಲೆಯ ಮೇಲ್ಗಡೆ ಆ ಚೌಕವನ್ನೇ ಇಟ್ಟಿದ್ದರು. ಸೋಮಾರಿಯ ಕೆಲಸಕ್ಕೆ ಯಾರೂ ಇಷ್ಟು ಬೆಲೆ ತೆರುವುದಿಲ್ಲ.

ಯಾರು ಬೇಕಾದರೂ ಮಾಡಬಹುದೇ? ಚೌಕ ಎಳೆಯಬಹುದು. ಕೆಟ್ಟ ಅಮೂರ್ತ ಚಿತ್ರಗಳು ಬೇಕಾದಷ್ಟಿವೆ, ಹೋಟೆಲ್ಲುಗಳ ಲಾಬಿ ತುಂಬ ಅವೇ. ಪರೀಕ್ಷೆ ಮಾಡಲು ನಾನು ಮಕ್ಕಳಿಗೆ ಹೇಳಿಕೊಟ್ಟದ್ದು ಒಂದಿದೆ. ಮೊಂಡ್ರಿಯಾನ್ 1930ರಲ್ಲಿ ಮಾಡಿದ ಕೆಂಪು, ನೀಲಿ, ಹಳದಿಯ ಚಿತ್ರ ತಗೊಳ್ಳಿ. ಮೇಲೆ ಬಲಕ್ಕೆ ದೊಡ್ಡ ಕೆಂಪು, ಕೆಳಗೆ ಎಡಕ್ಕೆ ಸಣ್ಣ ನೀಲಿ, ಬಲಗಡೆ ತೀರಾ ಕೆಳಗೆ ಚೂರೇ ಚೂರು ಹಳದಿ. ಆ ಹಳದಿಯನ್ನು ಹೆಬ್ಬೆರಳಿನಿಂದ ಮುಚ್ಚಿ ನೋಡಿ. ಕೆಂಪು ಕೂಡಲೇ ಭಾರವಾಗುತ್ತದೆ, ಬಲಗಡೆ ಹಿಡಿತ ತಪ್ಪುತ್ತದೆ. ಬೆರಳು ತೆಗೆದರೆ ಮತ್ತೆ ನಿಲ್ಲುತ್ತದೆ. ಯಾವ ಮೂಲೆ ಮುಚ್ಚಿದರೂ ಏನೂ ಆಗದಿದ್ದರೆ ಆ ಚಿತ್ರದಲ್ಲಿ ಕೆಲಸ ನಡೆದಿಲ್ಲ. ಕಾರ್ಖಾನೆಯಲ್ಲಿ ದುಡಿದ ಕಣ್ಣಿಗೆ ಇದು ನನಗಿಂತ ಬೇಗ ಕಾಣುತ್ತದೆ. ಒಂದು ಸಲ ಮಾಡಿ ನೋಡಿ, ಏನನ್ನಿಸಿತು ಅಂತ ಬರೆಯಿರಿ.

ಇಂಥ ಚಿತ್ರ ತಲೆಕೆಳಗಾಗಿ ತೂಗುಹಾಕಿದರೆ ಯಾರಿಗಾದರೂ ಗೊತ್ತಾಗುತ್ತದಾ?
– ಓದುಗರು, ಹೊಸನಗರ

ಕೆಲವೊಮ್ಮೆ ಗೊತ್ತಾಗುವುದಿಲ್ಲ. ಮೊಂಡ್ರಿಯಾನ್ 1941ರಲ್ಲಿ ಬಣ್ಣದ ಟೇಪುಗಳಿಂದ ಮಾಡಿದ ಒಂದು ಕೃತಿ ಜರ್ಮನಿಯ ಡುಸೆಲ್‌ಡಾರ್ಫಿನಲ್ಲಿದೆ. ಅದು ಎಪ್ಪತ್ತೈದಕ್ಕೂ ಹೆಚ್ಚು ವರ್ಷದಿಂದ ತಲೆಕೆಳಗಾಗಿರಬೇಕು ಅಂತ 2022ರಲ್ಲಿ ಮ್ಯೂಸಿಯಮ್ಮಿನವರೇ ಹೇಳಿದರು. ಅವನ ಸ್ಟುಡಿಯೋದ ಹಳೆ ಫೋಟೋ ನೋಡಿದಾಗ ಅನುಮಾನ ಬಂದದ್ದು. ತಿರುಗಿಸಿದರೆ ಹಳೆ ಟೇಪು ಕಿತ್ತು ಬರಬಹುದೆಂದು ಹಾಗೇ ಬಿಟ್ಟಿದ್ದಾರೆ. ಟೇಪುಗಳು ದಟ್ಟವಾಗಿರುವ ಬದಿ ಮೇಲೆ ಇರಬೇಕಿತ್ತಂತೆ. ಫೋಟೋ ಸಿಕ್ಕರೆ ಎರಡೂ ಥರ ಹಿಡಿದು ನೋಡಿ. ಎರಡೂ ಒಂದೇ ಅಲ್ಲ ಅಂತ ಖಂಡಿತ ಗೊತ್ತಾಗುತ್ತದೆ.

ಪುಸ್ತಕದಲ್ಲಿ, ಫೋನಿನಲ್ಲಿ ನೋಡಿ ಸಾಕಾಯಿತು. ನಮಗೆ ಹತ್ತಿರದಲ್ಲಿ ನಿಜವಾದ ಚಿತ್ರ ನೋಡಲು ಎಲ್ಲಿಗೆ ಹೋಗಬೇಕು?
– ಶಿಕ್ಷಕಿ, ಸೊರಬ

ಶಿವಮೊಗ್ಗದಿಂದ ರೈಲು ಹತ್ತಿ ಬೆಂಗಳೂರಿಗೆ ಹೋಗಿ. ಅರಮನೆ ರಸ್ತೆಯ ಮಾಣಿಕ್ಯವೇಲು ಬಂಗಲೆಯಲ್ಲಿ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ಇದೆ, 2009ರಲ್ಲಿ ಶುರುವಾದದ್ದು. ಅಲ್ಲಿಂದ ಚಿತ್ರಕಲಾ ಪರಿಷತ್ತು ದೂರವಿಲ್ಲ. ಜನವರಿಯಲ್ಲಿ ಹೋದರೆ ಪರಿಷತ್ತಿನ ಚಿತ್ರಸಂತೆಯೂ ಸಿಗಬಹುದು. ಅಲ್ಲಿ ಚಿತ್ರಕಾರರೇ ರಸ್ತೆ ಬದಿಯಲ್ಲಿ ಕೂತಿರುತ್ತಾರೆ, ಮಾತಾಡಿಸಬಹುದು. ಮಕ್ಕಳನ್ನು ಕರೆದುಕೊಂಡು ಹೋಗುವುದಾದರೆ ಎಲ್ಲ ಚಿತ್ರ ನೋಡಿ ಮುಗಿಸುವ ಹಟ ಬೇಡ. ಪ್ರತಿಯೊಬ್ಬರೂ ಒಂದೊಂದು ಚಿತ್ರ ಆರಿಸಿಕೊಂಡು ಅದರ ಮುಂದೆಯೇ ನಿಲ್ಲಲಿ. ಹತ್ತಿರದಿಂದ ನೋಡಲಿ, ಹತ್ತು ಹೆಜ್ಜೆ ಹಿಂದೆ ಬಂದು ನೋಡಲಿ. ಹೆಸರಿನ ಚೀಟಿ ಓದುವುದು ಆಮೇಲೆ. ಸೋಮವಾರ ಗ್ಯಾಲರಿಗೆ ರಜೆ, ದಿನ ನೋಡಿಕೊಂಡು ಟಿಕೆಟ್ ಮಾಡಿಸಿ.